ಕುಡಿತ ಬಿಟ್ಟವರ ಮೀಟಿಂಗ್: ಯಾವುದಕ್ಕೆ ಹೋಗೋದು, ಹೇಗೆ ಆರಿಸೋದು

ಕೆಲವು ತಿಂಗಳ ಹಿಂದೆ ತುಮಕೂರಿನಿಂದ ಅತ್ತಿಗೆ ಫೋನ್ ಮಾಡಿದ್ದರು. ದೊಡ್ಡಪ್ಪನ ಮಗನ ಹೆಂಡತಿ. "ನಿಮ್ಮಣ್ಣ ಈ ಸಲ ನಿಜವಾಗ್ಲೂ ಬಿಡ್ತೀನಿ ಅಂತಿದಾರೆ. ಡಾಕ್ಟ್ರು ಯಾವುದಾದ್ರೂ ಗ್ರೂಪಿಗೆ ಸೇರ್ಕೊಳ್ಳಿ ಅಂದ್ರಂತೆ. ನೀನು ಹೋಗ್ತೀಯಲ್ಲ, ಯಾವ್ದು ಒಳ್ಳೇದು ಹೇಳಪ್ಪ" ಅಂದರು.

"ಎಎ" ಅಂತ ಎರಡಕ್ಷರ ಹೇಳಿ ಫೋನ್ ಇಡಬಹುದಿತ್ತು. ಎಎ ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಆದರೆ ಬಾಯಿ ಬರಲಿಲ್ಲ. ಯಾಕಂದ್ರೆ ನಾನೇ ನನ್ನ ಮೊದಲ ಎಎ ಮೀಟಿಂಗ್‌ನಿಂದ ಹತ್ತು ನಿಮಿಷಕ್ಕೆ ಎದ್ದು ಹೊರಟವನು. ಎದ್ದವನು ನೆಟ್ಟಗೆ ಎಲ್ಲಿಗೆ ಹೋದೆ ಅಂತ ಹೇಳಬೇಕಿಲ್ಲ, ಅಲ್ವಾ.

ಆವತ್ತಿನ ತಪ್ಪು ಅಲ್ಲಿದ್ದವರದ್ದಲ್ಲ. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನನಗೆ ಇಂಗ್ಲಿಷ್ ಬರುತ್ತದೆ, ಆಫೀಸಿನಲ್ಲಿ ದಿನವಿಡೀ ಅದರಲ್ಲೇ ಮಾತು. ಆದರೆ ಅಮ್ಮನ ಬಳೆ ಅಡವಿಟ್ಟು ಕುಡಿದೆ ಅನ್ನೋದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ನೋಡಿದೆ. ಯಾರದೋ ಕಥೆ ಥರ ಕೇಳಿಸಿತು. ನನ್ನ ಸರದಿ ಬರೋಕೆ ಮೊದಲೇ ಜಾಗ ಖಾಲಿ ಮಾಡಿದೆ.

ಆಮೇಲೆ ನಾಲ್ಕು ಕಡೆ ತಿರುಗಿ ಒಂದು ಕಡೆ ಕೂತೆ. ಒಂಬತ್ತು ವರ್ಷ ಆಯಿತು. ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದ ಮಾಡಿ ಬರೆದಿದ್ದೇನೆ.

ಮೀಟಿಂಗ್‌ಗೂ ಮೊದಲು ಡಾಕ್ಟರು

ದಿನಾ ಕುಡಿಯುವವರು, ಅದರಲ್ಲೂ ಬೆಳಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಿಸೋಕೆ ಒಂದು ಗುಟುಕು ಬೇಕು ಅನ್ನುವವರು, ಏಕಾಏಕಿ ನಿಲ್ಲಿಸಿದರೆ ಮೈ ಸುಮ್ಮನಿರುವುದಿಲ್ಲ. ಕೊನೆಯ ಪೆಗ್ ಇಳಿದು ಆರೇಳು ಗಂಟೆಯಲ್ಲಿ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸುತ್ತದೆ, ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. "ಗಟ್ಟಿ ಮನಸ್ಸು ಮಾಡು, ಎಲ್ಲ ಸರಿ ಹೋಗುತ್ತೆ" ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ. ಮಾತ್ರೆ ಬೇಕು, ಬಿ1 ವಿಟಮಿನ್ ಬೇಕು, ನೋಡಿಕೊಳ್ಳೋ ಜನ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಉಳಿದ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಬಹುದು. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಕೇಂದ್ರ ಸರ್ಕಾರದ ನಂಬರ್ 14446.

ಇನ್ನೊಂದು ಮಾತು, ಮನೆಯವರಿಗೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅಂತ ಪೋಸ್ಟರ್ ಅಂಟಿಸಿರುತ್ತಾರಲ್ಲ, ಆ ಪುಡಿ ತಂದು ಸಾರಿಗೆ ಬೆರೆಸಬೇಡಿ. ಡೈಸಲ್ಫಿರಾಂ ಅಂತ ಒಂದು ಔಷಧಿ ನಿಜವಾಗಿಯೂ ಇದೆ. ಅದನ್ನು ತಗೊಂಡ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಡಾಕ್ಟರು ಅದನ್ನು ಕುಡಿಯುವವರಿಗೆ ಹೇಳಿ, ಒಪ್ಪಿಸಿಯೇ ಕೊಡುತ್ತಾರೆ. ಗೊತ್ತಿಲ್ಲದೆ ತಿಂದವರು ಎಂದಿನಂತೆ ಕ್ವಾರ್ಟರ್ ಏರಿಸಿದರೆ ಐಸಿಯು ಸೇರಬೇಕಾದೀತು.

ಎಎ ಅಂದ್ರೆ ಒಂದಲ್ಲ, ನೂರು

ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ಕಥೆ ನನಗೆ ಇಷ್ಟ. 1935ರಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ಅನ್ನುವವರು ಕೆಲಸದ ಮೇಲೆ ಒಹಾಯೊ ರಾಜ್ಯದ ಆಕ್ರನ್‌ಗೆ ಹೋಗಿದ್ದರು. ವ್ಯವಹಾರ ಕೆಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಉಳಿದುಕೊಂಡಿದ್ದ ಹೋಟೆಲಿನ ಹಜಾರದಲ್ಲಿ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವರು ಫೋನ್ ಕಡೆ ಹೋದರು. ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ ಅಲ್ಲಿಂದಿಲ್ಲಿಗೆ ಕರೆ ಮಾಡಿ ಕೊನೆಗೆ ಡಾಕ್ಟರ್ ಬಾಬ್ ಅನ್ನೋ ಸರ್ಜನ್ ಸಿಕ್ಕರು. ಬಾಬ್ ಕೊನೆಯ ಸಲ ಕುಡಿದ ದಿನ ಜೂನ್ 10, 1935. ಅದನ್ನೇ ಎಎ ತನ್ನ ಹುಟ್ಟಿದ ದಿನ ಅಂತ ಲೆಕ್ಕ ಹಾಕುತ್ತದೆ. ಭಾರತಕ್ಕೆ ಅದು ಬಂದಿದ್ದು 1957ರಲ್ಲಿ.

ಅಂದ್ರೆ ಶುರುವಿನಿಂದಲೂ ಇದು ಬಾರ್‌ಗೂ ಮನುಷ್ಯನಿಗೂ ನಡುವೆ ಇನ್ನೊಬ್ಬ ಮನುಷ್ಯನನ್ನು ತಂದು ಕೂರಿಸೋ ಏರ್ಪಾಡು. ಮೀಟಿಂಗ್ ಆರಿಸುವಾಗ ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಎಗೆ ಫೀಸಿಲ್ಲ. ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ, ಹತ್ತು ಇಪ್ಪತ್ತು ಹಾಕುತ್ತಾರೆ, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಹೊರಗಿನವರಿಂದ ದೇಣಿಗೆ ತಗೊಳ್ಳುವುದಿಲ್ಲ. ಹಾಜರಿ ಪುಸ್ತಕ ಇಲ್ಲ, ಆಧಾರ್ ಕೇಳುವುದಿಲ್ಲ. ಸೇರೋಕೆ ಇರುವ ಷರತ್ತು ಒಂದೇ: ಕುಡಿತ ಬಿಡಬೇಕು ಅನ್ನೋ ಆಸೆ. ಬಿಟ್ಟಿರಲೇಬೇಕು ಅಂತಲೂ ಇಲ್ಲ.

ಆದರೆ ಒಂದು ಎಎ ಗುಂಪು ಇನ್ನೊಂದರ ಹಾಗೆ ಇರುವುದಿಲ್ಲ. ಮೇಲಿನಿಂದ ಆರ್ಡರ್ ಮಾಡೋ ಬಾಸ್ ಯಾರೂ ಇಲ್ಲದ ಕಾರಣ ಪ್ರತಿ ಗುಂಪೂ ತನ್ನದೇ ರೀತಿಯಲ್ಲಿ ನಡೆಯುತ್ತದೆ. ಓಪನ್ ಮೀಟಿಂಗ್‌ಗೆ ಹೆಂಡತಿ, ತಮ್ಮ, ಸ್ನೇಹಿತ ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಮೊದಲ ಸಲ ಹೋಗುವವರಿಗೆ ನಾನು ಓಪನ್ ಅಂತೀನಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು ಅನ್ನೋ ಕಾರಣಕ್ಕೆ. ಕೆಲವು ಕಡೆ ಒಬ್ಬರೇ ಅರ್ಧ ಗಂಟೆ ತಮ್ಮ ಕಥೆ ಹೇಳುತ್ತಾರೆ. ಕೆಲವು ಕಡೆ ಎಲ್ಲರೂ ಮೂರು ಮೂರು ನಿಮಿಷ. ಕೆಲವು ಕಡೆ ಹನ್ನೆರಡು ಮೆಟ್ಟಿಲುಗಳಲ್ಲಿ, ಅಂದ್ರೆ ಕುಡಿತದಿಂದ ಹೊರಬರೋಕೆ ಎಎ ಹೇಳೋ ಹನ್ನೆರಡು ಹೆಜ್ಜೆಗಳಲ್ಲಿ, ಒಂದನ್ನು ಓದಿ ಅದರ ಮೇಲೆ ಮಾತು. ಹೊಸಬರಿಗೆ ಪುಸ್ತಕ ಓದೋ ಮೀಟಿಂಗ್ ಸ್ವಲ್ಪ ಒಣ ಒಣ ಅನ್ನಿಸಬಹುದು. ಒಂದು ತಿಂಗಳು ಕಳೆದ ಮೇಲೆ ಅದೇ ಹಿಡಿಸುತ್ತದೆ.

ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಮೂರರಲ್ಲೂ ಮೀಟಿಂಗ್ ಸಿಗುತ್ತವೆ. ಹೆಚ್ಚಾಗಿ ಚರ್ಚಿನ ಪಕ್ಕದ ಹಾಲ್, ಶಾಲೆಯ ಕೋಣೆ. ಚರ್ಚು ಅಂದ ಕೂಡಲೇ ನಮ್ಮ ಕಡೆ ಕೆಲವರು ಹಿಂದೆ ಸರಿಯುತ್ತಾರೆ. ಎಎಗೂ ಆ ಚರ್ಚಿಗೂ ಇರೋದು ಜಾಗದ ಸಂಬಂಧ ಮಾತ್ರ.

ನಾನು ಕೊನೆಗೆ ಕೂತ ಮೀಟಿಂಗ್ ಒಂದು ಶಾಲೆಯ ಕೋಣೆಯಲ್ಲಿ ನಡೆಯುತ್ತದೆ. ಅಲ್ಲಿ ಯಾರು ಏನು ಹೇಳಿದರು ಅಂತ ಬರೆಯೋ ಹಾಗಿಲ್ಲ. ಕೋಣೆ ಹೇಗಿದೆ ಅಂತ ಹೇಳಬಹುದು. ಅದು ಎರಡನೇ ಕ್ಲಾಸಿನ ಕೋಣೆ. ಬೆಂಚುಗಳು ಎರಡನೇ ಕ್ಲಾಸಿನ ಮಕ್ಕಳ ಅಳತೆಗೆ ಮಾಡಿದ್ದು. ಐವತ್ತು ದಾಟಿದ ಗಂಡಸರು ಮಂಡಿಯನ್ನು ಗಲ್ಲದ ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಾರೆ. ಗೋಡೆ ಮೇಲೆ ಒತ್ತಕ್ಷರದ ಚಾರ್ಟ್, ಅದರ ಕೆಳಗೆ "ಸದ್ದು ಮಾಡಬೇಡಿ". ಒಬ್ಬರು ಫ್ಲಾಸ್ಕಿನಲ್ಲಿ ಟೀ ತರುತ್ತಾರೆ, ಪೇಪರ್ ಕಪ್ಪು ಅರ್ಧಕ್ಕಿಂತ ಜಾಸ್ತಿ ತುಂಬಿಸುವುದಿಲ್ಲ. ಮೊದಲ ವಾರ ನನಗೆ ಇದು ಜಿಪುಣತನ ಅನ್ನಿಸಿತ್ತು. ಹೊಸದಾಗಿ ಬಿಟ್ಟವರ ಕೈ ನಡುಗುತ್ತದೆ, ತುಂಬಿದ ಕಪ್ಪು ಚೆಲ್ಲಿ ಅವರಿಗೆ ನಾಚಿಕೆ ಆಗಬಾರದು ಅಂತ ಹಾಗೆ ಮಾಡುತ್ತಾರೆ ಅನ್ನೋದು ತಿಂಗಳಾದ ಮೇಲೆ ತಿಳಿಯಿತು. ಆವತ್ತು ಆ ಗುಂಪು ನನ್ನದಾಯಿತು.

ದೇವರ ವಿಚಾರಕ್ಕೆ ಬರೋಣ. ಹನ್ನೆರಡು ಮೆಟ್ಟಿಲಿನಲ್ಲಿ ದೇವರ ಮಾತು ಬರುತ್ತದೆ, ಸುಳ್ಳು ಹೇಳಿ ಪ್ರಯೋಜನ ಇಲ್ಲ. "ನಾವು ತಿಳಿದುಕೊಂಡ ಹಾಗಿನ ದೇವರು" ಅಂತ ಸಡಿಲ ಮಾಡಿದ್ದಾರೆ. ಮನೆದೇವರು ಅಂದುಕೊಳ್ಳುವವರಿದ್ದಾರೆ, ಈ ಗುಂಪೇ ನನಗಿಂತ ದೊಡ್ಡ ಶಕ್ತಿ ಅನ್ನುವವರಿದ್ದಾರೆ. ನಾನು ಎರಡನೇ ಜಾತಿ. ಯಾರೂ ತಕರಾರು ಮಾಡಿಲ್ಲ. ಆದರೆ ಕೊನೆಯ ಪ್ರಾರ್ಥನೆಗೆ ಎದ್ದು ನಿಲ್ಲೋದೇ ಮೈ ಉರಿಸುತ್ತೆ ಅನ್ನುವವರು ಬೇರೆ ಕಡೆ ನೋಡಬಹುದು, ಕೆಳಗೆ ಹೇಳುತ್ತೇನೆ.

ಇದರಿಂದ ಉಪಯೋಗ ಇದೆಯಾ? ಚಿಕಿತ್ಸೆಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 2020ರಲ್ಲಿ ಬಂತು. 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನ. ಸಲಹೆಗಾರರು ಕೈ ಹಿಡಿದು ಎಎಗೆ ಸೇರಿಸಿದವರಲ್ಲಿ ವರ್ಷದ ಕೊನೆಗೆ ಪೂರ್ತಿ ಬಿಟ್ಟೇ ಇದ್ದವರು ನೂರಕ್ಕೆ ಸುಮಾರು 42, ಬೇರೆ ಚಿಕಿತ್ಸೆ ಪಡೆದವರಲ್ಲಿ 35. ಈ ಲೆಕ್ಕದಲ್ಲಿ ನನ್ನ ಕಣ್ಣಿಗೆ ಬೀಳೋದು "ಕೈ ಹಿಡಿದು" ಅನ್ನೋ ಭಾಗ. ಚೀಟಿಯಲ್ಲಿ ವಿಳಾಸ ಬರೆದುಕೊಟ್ಟು ಕಳಿಸೋದಕ್ಕೂ ಜೊತೆಗೆ ಹೋಗಿ ಬಾಗಿಲು ದಾಟಿಸೋದಕ್ಕೂ ವ್ಯತ್ಯಾಸ ಇದೆ.

ಎಂಟು ದಿನದ ಶಿಬಿರ, ಆಮೇಲೆ ನವಜೀವನ ಸಮಿತಿ

ಕರಾವಳಿ, ಮಲೆನಾಡು ಮತ್ತು ಈಗ ಬಯಲುಸೀಮೆಯ ಹಳ್ಳಿಗಳಲ್ಲೂ ಜನಕ್ಕೆ ಎಎಗಿಂತ ಚೆನ್ನಾಗಿ ಗೊತ್ತಿರೋದು ಮದ್ಯವರ್ಜನ ಶಿಬಿರ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ನಡೆಸುವಂಥದ್ದು, ಇಲ್ಲಿಯವರೆಗೆ ಸಾವಿರಕ್ಕೂ ಹೆಚ್ಚು ಶಿಬಿರ ಆಗಿವೆ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಅಲ್ಲೇ ಇರಬೇಕು. ಯೋಗ, ಭಜನೆ, ಸಲಹೆಗಾರರ ಮಾತು, ಗುಂಪಿನಲ್ಲಿ ಕೂತು ಹೇಳಿಕೊಳ್ಳೋದು. ಮನೆಯವರನ್ನೂ ಕರೆಸಿ ಮಾತಾಡಿಸುತ್ತಾರೆ. ಗಂಡಂದಿರ ಹೆಸರು ಬರೆಸುವವರು ಹೆಚ್ಚಾಗಿ ಸ್ವಸಹಾಯ ಸಂಘದ ಹೆಂಗಸರೇ.

ಶಿಬಿರ ಮುಗಿದ ಮೇಲೆ ಬಿಟ್ಟವರು ಸೇರಿಕೊಳ್ಳೋದು ನವಜೀವನ ಸಮಿತಿಗೆ. ನೂರು ದಿನ ತುಂಬಿದಾಗ ಶತದಿನೋತ್ಸವ. ಹೂವು, ಶಾಲು, ಫೋಟೊ. ಅವರನ್ನು "ಪಾನಮುಕ್ತರು" ಅಂತ ಕರೆಯುತ್ತಾರೆ, ಎಎಯಲ್ಲಿ ಹತ್ತು ವರ್ಷ ಆದರೂ "ನಾನೊಬ್ಬ ಆಲ್ಕೊಹಾಲಿಕ್" ಅಂತಲೇ ಶುರು ಮಾಡುತ್ತಾರೆ. ಈ ಒಂದು ಪದದ ವ್ಯತ್ಯಾಸದಲ್ಲೇ ಎರಡೂ ಕಡೆಯ ಮನೋಭಾವ ಇದೆ. ಇಲ್ಲಿ ನೀವು ಒಂದು ಹೊಳೆ ದಾಟಿ ಬಂದವರು. ಅಲ್ಲಿ ದಿನಾ ದಡದ ಮೇಲೆ ಕಾವಲು ಕೂತವರು.

ನನ್ನ ಅಭಿಪ್ರಾಯ ಕೇಳಿದರೆ, ಹಳ್ಳಿಯಲ್ಲಿ ಇರುವವರಿಗೆ ಇದು ತುಂಬ ಗಟ್ಟಿ ದಾರಿ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಆದರೆ ಕುಡಿಯುವವರು ಟೆಟ್ರಾ ಪ್ಯಾಕಿಗೆ ತಿರುಗಿದರು ಅಷ್ಟೆ. ಸಂಜೆ ಕಟ್ಟೆ ಮೇಲೆ ಕೂರೋ ಗುಂಪು ಅದೇ. ಆ ಗುಂಪಿನಲ್ಲಿ ಐದು ಜನ ಒಟ್ಟಿಗೆ ಶಿಬಿರಕ್ಕೆ ಹೋಗಿ ಬಂದರೆ ಕಟ್ಟೆಯೇ ಬದಲಾಗುತ್ತದೆ. ಎಎ ಒಬ್ಬೊಬ್ಬರನ್ನೇ ಕರೆಯುತ್ತದೆ, ಶಿಬಿರ ಊರನ್ನೇ ಕರೆಯುತ್ತದೆ.

ತೊಂದರೆಯೂ ಅಲ್ಲೇ ಇದೆ. ಗುಟ್ಟು ಅನ್ನೋದು ಇಲ್ಲ. ವೇದಿಕೆ ಮೇಲೆ ಶಾಲು ಹೊದಿಸಿಕೊಂಡವರು ಆರು ತಿಂಗಳಿಗೆ ಜಾರಿದರೆ ಊರಿಗೆಲ್ಲ ಗೊತ್ತು. ಆ ನಾಚಿಕೆಗೆ ಹೆದರಿ ಕೆಲವರು ಗಟ್ಟಿಯಾಗಿ ನಿಲ್ಲುತ್ತಾರೆ, ಕೆಲವರು ಜಾರಿದ ಮೇಲೆ ಸಮಿತಿ ಕಡೆ ತಲೆ ಹಾಕೋದನ್ನೇ ಬಿಡುತ್ತಾರೆ. ನೀವು ಯಾವ ಥರದವರು ಅಂತ ನಿಮಗೇ ಗೊತ್ತಿರುತ್ತದೆ. ಇನ್ನು ವಾತಾವರಣ ಭಕ್ತಿಯದು. ಭಜನೆಯಲ್ಲಿ ಕೂತರೆ ಹಗುರ ಅನ್ನಿಸುವವರಿಗೆ ಸರಿ, ಅನ್ನಿಸದವರಿಗೆ ಎಂಟು ದಿನ ಉದ್ದ ಆಗುತ್ತದೆ.

ಆಸ್ಪತ್ರೆಯ ಗುಂಪು

ದೊಡ್ಡ ಆಸ್ಪತ್ರೆಗಳಲ್ಲಿ, ಡಿಅಡಿಕ್ಷನ್ ಕೇಂದ್ರಗಳಲ್ಲಿ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ನಡೆಸೋ ಗುಂಪುಗಳಿರುತ್ತವೆ. ಓದಿದವರೊಬ್ಬರು ಮುಂದೆ ಕೂತಿರುತ್ತಾರೆ, ಮಾತು ದಾರಿ ತಪ್ಪಿದರೆ ಹಿಡಿದು ತರುತ್ತಾರೆ. ಖಿನ್ನತೆ, ಭಯ, ನಿದ್ದೆ ಬಾರದಿರೋದು ಇಂಥವು ಜೊತೆಗಿದ್ದರೆ ಇಲ್ಲೇ ಶುರು ಮಾಡಿ. ಕೊರತೆ ಏನಂದ್ರೆ ಇದು ಹಗಲು ಹೊತ್ತಿನಲ್ಲಿ, ವಾರದ ದಿನ, ಒಪಿಡಿ ಸಮಯಕ್ಕೆ ನಡೆಯುತ್ತದೆ. ರಜಾ ಹಾಕಿ ಎಷ್ಟು ವಾರ ಹೋಗೋಕಾಗುತ್ತೆ? ನಾನು ಹೋಗಿದ್ದು ಎಂಟು ವಾರ. ಕಲಿತದ್ದು ತುಂಬ. ಆದರೆ ರಾತ್ರಿ ಒಂಬತ್ತಕ್ಕೆ ಬಾಯಿ ಒಣಗಿದಾಗ ಮನಶ್ಶಾಸ್ತ್ರಜ್ಞರಿಗೆ ಫೋನ್ ಮಾಡೋ ಹಾಗಿರಲಿಲ್ಲ. ಎಎಯ ಸ್ಪಾನ್ಸರ್‌ಗೆ ಮಾಡಬಹುದು. ಸ್ಪಾನ್ಸರ್ ಅಂದ್ರೆ ದುಡ್ಡು ಕೊಡುವವರಲ್ಲ, ನಿಮಗಿಂತ ಮೊದಲು ಬಿಟ್ಟು, ನಿಮ್ಮ ಫೋನ್ ಎತ್ತೋಕೆ ಒಪ್ಪಿದವರು.

ದೇವರೂ ಬೇಡ, ಹಣೆಪಟ್ಟಿಯೂ ಬೇಡ ಅನ್ನುವವರಿಗೆ

ಸ್ಮಾರ್ಟ್ ರಿಕವರಿ ಅಂತ ಒಂದಿದೆ, 1994ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಇಲ್ಲಿ ಮೆಟ್ಟಿಲಿಲ್ಲ, ಸ್ಪಾನ್ಸರ್ ಇಲ್ಲ, "ನಾನೊಬ್ಬ ಆಲ್ಕೊಹಾಲಿಕ್" ಅಂತ ಹೇಳಬೇಕಿಲ್ಲ. ಯೋಚನೆಯನ್ನು ತಿದ್ದೋ ಚಿಕಿತ್ಸೆಯಿಂದ ತಗೊಂಡ ಕಸರತ್ತುಗಳಿವೆ: ಕುಡಿದರೆ ಏನು ಲಾಭ, ಏನು ನಷ್ಟ ಅಂತ ಹಾಳೆ ಮೇಲೆ ನಾಲ್ಕು ಮನೆ ಹಾಕಿ ಬರೆಯೋದು, ಆಸೆ ಎದ್ದ ಹೊತ್ತನ್ನು ಗುರುತು ಹಾಕೋದು. ತರಬೇತಿ ಪಡೆದವರು ನಡೆಸುತ್ತಾರೆ. ಎಎಯಲ್ಲಿ ಒಬ್ಬರು ಮಾತಾಡಿದರೆ ಉಳಿದವರು ಕೇಳುತ್ತಾರೆ, ಉತ್ತರ ಕೊಡುವುದಿಲ್ಲ. ಇಲ್ಲಿ ಚರ್ಚೆ ನಡೆಯುತ್ತದೆ. ಜೀವನಪೂರ್ತಿ ಬರಬೇಕು ಅಂತಲೂ ಇಲ್ಲ.

ನಮ್ಮವರಿಗೆ ಇದು ಹೆಚ್ಚಾಗಿ ಆನ್‌ಲೈನ್‌ನಲ್ಲೇ, ಇಂಗ್ಲಿಷಿನಲ್ಲೇ ಸಿಗೋದು. ಲೆಕ್ಕಾಚಾರದ ಮನಸ್ಸಿನ ನನ್ನ ಸ್ನೇಹಿತರೊಬ್ಬರಿಗೆ ಇದೇ ಹೊಂದಿತು. ನನಗೆ ಹೊಂದಲಿಲ್ಲ, ಹಾಳೆ ತುಂಬೋದು ಆಫೀಸಿನ ಅಪ್ರೈಸಲ್ ಥರ ಅನ್ನಿಸಿತು. ಆದರೂ ಆ ನಾಲ್ಕು ಮನೆ ಹಾಳೆಯನ್ನು ಎಎಗೆ ಹೋಗುತ್ತಲೇ ಇವತ್ತಿಗೂ ಬಳಸುತ್ತೇನೆ. ಎರಡೂ ಕಡೆ ಹೋಗಬಾರದು ಅಂತ ಯಾರೂ ಬರೆದಿಟ್ಟಿಲ್ಲ.

ಫೋನಿನಲ್ಲೇ ಮೀಟಿಂಗ್

ಕೊರೊನಾ ಕಾಲದಲ್ಲಿ ಎಎ ಜೂಮ್‌ಗೆ ಹೋಯಿತು, ಆಮೇಲೆ ಅಲ್ಲೇ ಒಂದು ಕಾಲು ಉಳಿಯಿತು. ತಾಲ್ಲೂಕಿನಲ್ಲಿ ಗುಂಪೇ ಇಲ್ಲದವರಿಗೆ, ರಾತ್ರಿ ಪಾಳಿಯವರಿಗೆ, ಚಿಕ್ಕ ಮಕ್ಕಳಿರೋ ತಾಯಂದಿರಿಗೆ ಇದು ದೊಡ್ಡ ಅನುಕೂಲ. ಹೊರದೇಶದ ಕನ್ನಡಿಗರಿಗೂ. ಇಲ್ಲಿ ಸಂಜೆ ಏಳೂವರೆಯ ಮೀಟಿಂಗ್ ಅಂದ್ರೆ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳಗ್ಗೆ ಹತ್ತು, ಭಾನುವಾರವಾದರೆ ಆರಾಮಾಗಿ ಕೂರಬಹುದು. (ಅಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕೋರ್ಟೇ ಮೀಟಿಂಗ್‌ಗೆ ಕಳಿಸೋದುಂಟು, ಹಾಜರಿಗೆ ಸಹಿ ಹಾಕಿಸಿಕೊಂಡು ಹೋಗಬೇಕು. ಅಂಥವರು ಆನ್‌ಲೈನ್ ನಡೆಯುತ್ತಾ ಅಂತ ವಕೀಲರನ್ನು ಮೊದಲೇ ಕೇಳಿಕೊಳ್ಳಲಿ.)

ಆದರೆ ಮೊದಲ ಮೂರು ತಿಂಗಳಿಗೆ ಬರೀ ಆನ್‌ಲೈನ್ ಸಾಲದು ಅಂತ ನನ್ನ ಅನುಭವ. ಕ್ಯಾಮೆರಾ ಆಫ್ ಮಾಡಿ, ಮೈಕ್ ಮ್ಯೂಟ್ ಮಾಡಿ, ಗ್ಲಾಸ್ ಹಿಡಿದುಕೊಂಡೇ ಮೀಟಿಂಗ್ ಕೇಳಬಹುದು. ನಾನು ಕೇಳಿದ್ದೇನೆ. ನನ್ನ ಒಂಬತ್ತು ವರ್ಷದ ಲೆಕ್ಕ ಶುರುವಾಗಿ ಎಷ್ಟೋ ಕಾಲದ ಮೇಲೆ ಜೂಮ್ ಬಂತು ಅಲ್ವಾ ಅಂತ ಲೆಕ್ಕ ಹಾಕುವವರಿಗೆ: ಗ್ಲಾಸಿನಲ್ಲಿ ಇದ್ದದ್ದು ನಿಂಬೆ ಸೋಡಾ. ಆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅನ್ನೋದು ಆವತ್ತು ನನಗೆ ಸರಿಯಾಗಿ ತಿಳಿಯಿತು. ಕೋಣೆಯಲ್ಲಾದರೆ ಪಕ್ಕದವರ ಮೂಗಿಗೆ ವಾಸನೆ ಹೊಡೆಯುತ್ತದೆ.

ಹೆಂಗಸರಿಗೆ, ಮನೆಯವರಿಗೆ

ಹೆಂಗಸರು ಕುಡಿಯೋದೇ ಇಲ್ಲ ಅನ್ನೋ ಹಾಗೆ ನಾವು ಮಾತಾಡುತ್ತೇವೆ. ಹಾಗಾಗಿ ಅವರು ಇನ್ನೂ ಆಳಕ್ಕೆ ಬಚ್ಚಿಟ್ಟುಕೊಳ್ಳುತ್ತಾರೆ. ಸಾಮಾನ್ಯ ಮೀಟಿಂಗ್‌ನಲ್ಲಿ ಮೂವತ್ತು ಗಂಡಸರ ನಡುವೆ ಒಬ್ಬರೇ ಕೂತು ಮಾತಾಡೋದು ಕಷ್ಟ. ಬರೀ ಹೆಂಗಸರ ಆನ್‌ಲೈನ್ ಮೀಟಿಂಗ್‌ಗಳಿವೆ, ಅಲ್ಲಿಂದ ಶುರು ಮಾಡೋದು ಸುಲಭ. ಸ್ಪಾನ್ಸರ್ ಆಗಿ ಹೆಂಗಸರನ್ನೇ ಆರಿಸಿಕೊಳ್ಳಿ, ಇದು ಎಎಯ ಹಳೆಯ ರೂಢಿಯೂ ಹೌದು. ಹೊಸದಾಗಿ ಬಂದವರ ಜೊತೆ ಸಲಿಗೆ ಬೆಳೆಸೋಕೆ ನೋಡೋ ಹಳಬರು ಎಲ್ಲ ಕಡೆಯೂ ಒಬ್ಬರಿಬ್ಬರು ಇರುತ್ತಾರೆ. ಅಂಥದ್ದು ಕಂಡರೆ ಗುಂಪಿನ ಹಿರಿಯರಿಗೆ ಹೇಳಿ, ಕೇಳದಿದ್ದರೆ ಗುಂಪು ಬದಲಿಸಿ.

ಅತ್ತಿಗೆಯಂಥವರಿಗೆ ಇರೋದು ಅಲ್-ಅನಾನ್. 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಸೇರಿ ಶುರು ಮಾಡಿದ್ದು. ಗಂಡನನ್ನು ಬಿಡಿಸೋದು ಹೇಗೆ ಅಂತ ಕಲಿಸೋ ಜಾಗ ಅಲ್ಲ ಅದು. ಕುಡಿತಕ್ಕೆ ಕಾರಣ ನಾನಲ್ಲ, ಅದನ್ನು ಹಿಡಿತದಲ್ಲಿಡೋದು ನನ್ನಿಂದಾಗದು, ವಾಸಿ ಮಾಡೋದೂ ನನ್ನಿಂದಾಗದು: ಈ ಮೂರು ಮಾತನ್ನು ಅಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಇಪ್ಪತ್ತು ವರ್ಷ ಬಾಟಲಿ ಹುಡುಕಿ ಹುಡುಕಿ ಸಿಂಕಿಗೆ ಸುರಿದ ಹೆಂಗಸರಿಗೆ ಇದನ್ನು ಕೇಳಿಸಿಕೊಳ್ಳೋಕೆ ಸಮಯ ಬೇಕಾಗುತ್ತದೆ. ಗಂಡ ಮೀಟಿಂಗ್‌ಗೆ ಹೋಗಲಿ ಬಿಡಲಿ, ಅವರು ಹೋಗಬಹುದು. ಇದು ಅತ್ತಿಗೆಗೆ ಹೊಸ ವಿಷಯ ಆಗಿತ್ತು.

ಸರಿ, ಆರಿಸೋದು ಹೇಗೆ?

ಸಿದ್ಧಾಂತ ನೋಡಿ ಆರಿಸಬೇಡಿ. ಹೊತ್ತು ನೋಡಿ ಆರಿಸಿ.

ನೀವು ಎಷ್ಟು ಗಂಟೆಗೆ ಕುಡಿಯುತ್ತಿದ್ದಿರಿ? ನನ್ನದು ಸಂಜೆ ಏಳೂವರೆ. ಆಫೀಸು ಮುಗಿಸಿ, ಎಂಆರ್‌ಪಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಕಂಬಿಯ ಸಂದಿಯಲ್ಲಿ ಕೈ ಹಾಕೋ ಹೊತ್ತು. ಭಾನುವಾರ ಬೆಳಗ್ಗೆ ಹನ್ನೊಂದರ ಮೀಟಿಂಗ್ ಎಷ್ಟೇ ಚೆನ್ನಾಗಿದ್ದರೂ ಆ ಹೊತ್ತಿಗೆ ನನಗೆ ಕುಡಿಯೋ ಆಸೆಯೇ ಇರುತ್ತಿರಲಿಲ್ಲ. ಏಳು ಗಂಟೆಯ ಮೀಟಿಂಗ್ ಸಿಕ್ಕ ಮೇಲೆ ಏಳೂವರೆ ಅಲ್ಲೇ ಬೆಂಚಿನ ಮೇಲೆ ಕಳೆಯಿತು, ಎಂಟೂವರೆಗೆ ಹೊರಗೆ ಬರುವಾಗ ಹಸಿವಾಗಿರುತ್ತಿತ್ತು, ಮನೆಗೆ ಹೋಗಿ ಮುದ್ದೆ ಉಂಡು ಮಲಗುತ್ತಿದ್ದೆ. ಆಕ್ರನ್‌ನ ಹೋಟೆಲಿನಲ್ಲಿ ಫೋನ್ ಮಾಡಿದ ಕೆಲಸವನ್ನು ನನಗೆ ಆ ಬೆಂಚು ಮಾಡಿತು.

ಎರಡನೆಯದು ದಾರಿ. ಮೀಟಿಂಗ್ ಜಾಗದಿಂದ ಮನೆಗೆ ಬರೋ ದಾರಿಯಲ್ಲಿ ಎಷ್ಟು ಬಾರ್ ಇವೆ ಅಂತ ಒಂದು ಸಲ ಎಣಿಸಿ ನೋಡಿ. ನಗಬೇಡಿ. ನನ್ನ ಸೀದಾ ದಾರಿಯಲ್ಲಿ ಮೂರಿದ್ದವು, ಹಿಂದಿನ ಬೀದಿಯಲ್ಲಿ ಸುತ್ತಿ ಬಂದರೆ ಒಂದೂ ಇಲ್ಲ. ಎರಡು ವರ್ಷ ಸುತ್ತಿಕೊಂಡೇ ಬಂದೆ. ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹೋಗಬೇಕಾದ ಒಳ್ಳೆ ಮೀಟಿಂಗ್‌ಗಿಂತ ಹದಿನೈದು ನಿಮಿಷ ದೂರದ ಸಾಧಾರಣ ಮೀಟಿಂಗ್ ವಾಸಿ. ಮಳೆ ಬಂದ ದಿನ ಯಾವುದಕ್ಕೆ ಹೋಗುತ್ತೀರಿ ಅಂತ ಯೋಚಿಸಿ.

ಮೂರನೆಯದು ಭಾಷೆ. ನೀವು ಬೈಯೋ ಭಾಷೆಯ ಮೀಟಿಂಗ್‌ಗೆ ಹೋಗಿ. ಕಲಬುರಗಿಯವರಿಗೆ ಬೆಂಗಳೂರಿನ ಕನ್ನಡವೂ ಮೊದಮೊದಲು ಬೇರೆ ಅನ್ನಿಸಬಹುದು, ಆದರೂ ಇಂಗ್ಲಿಷಿಗಿಂತ ಹತ್ತಿರ. ಉಲ್ಟಾ ಮಾದರಿಯೂ ಇದೆ. ಒಬ್ಬರು ಬೇಕಂತಲೇ ಇಂಗ್ಲಿಷ್ ಗುಂಪಿಗೆ ಹೋಗುತ್ತಾರೆ, ತಮ್ಮ ಊರಿನವರು ಯಾರೂ ಅಲ್ಲಿಗೆ ಬರುವುದಿಲ್ಲ ಅಂತ. ಅದೂ ಸರಿ.

ಒಂದೇ ಸಲ ಹೋಗಿ ತೀರ್ಮಾನ ಮಾಡಬೇಡಿ. ಎಎಯಲ್ಲಿ ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಅನ್ನುತ್ತಾರೆ, ಅದು ದೊಡ್ಡ ಪಟ್ಟಣದಲ್ಲಿ ಮಾತ್ರ ಆಗೋ ಕೆಲಸ. ನನ್ನ ಲೆಕ್ಕ ಬೇರೆ: ಒಂದೇ ಗುಂಪಿಗೆ ಕನಿಷ್ಠ ನಾಲ್ಕು ಸಲ. ಮೊದಲ ಸಲ ನೀವು ಯಾರನ್ನೂ ನೋಡಿರುವುದಿಲ್ಲ, ಬಾಗಿಲನ್ನೇ ನೋಡುತ್ತಿರುತ್ತೀರಿ. ನಾಲ್ಕನೇ ಸಲ ಯಾರಾದರೂ ನಿಮ್ಮ ಹೆಸರು ಹಿಡಿದು ಮಾತಾಡಿಸಿದರಾ, ಕಳೆದ ವಾರ ಯಾಕೆ ಬರಲಿಲ್ಲ ಅಂತ ಕೇಳಿದರಾ ನೋಡಿ. ಕೇಳಿದರೆ ಅಲ್ಲೇ ಇರಿ.

ಎದ್ದು ಬರಬೇಕಾದ ಕಡೆ

ಡಾಕ್ಟರು ಕೊಟ್ಟ ಮಾತ್ರೆ ಬಿಡು, ಅದೂ ಒಂದು ನಶೆಯೇ ಅಂತ ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ. ಸದಸ್ಯರು ಡಾಕ್ಟರ್ ಆಟ ಆಡಬಾರದು ಅಂತ ಎಎಯ ಕಿರುಪುಸ್ತಕವೇ ಹೇಳುತ್ತದೆ. ಮೀಟಿಂಗ್ ಮುಗಿದ ಮೇಲೆ ಚೀಟಿಗೆ ಸೇರಿಸೋರು, ಎಲ್‌ಐಸಿ ಮಾಡಿಸೋರು, ಕೈಸಾಲ ಕೇಳೋರು ಇದ್ದರೆ ದೂರ ಇರಿ. ನೀವು ಹೇಳಿದ್ದು ಮಾರನೇ ದಿನ ಹೊರಗಿನವರ ಬಾಯಲ್ಲಿ ಕೇಳಿಬಂದರೆ ಆ ಗುಂಪಿಗೆ ಮತ್ತೆ ಹೋಗಬೇಡಿ.

ಇನ್ನು ಗೇಟಿಗೆ ಬೀಗ ಹಾಕಿ, ಫೋನ್ ಕಿತ್ತುಕೊಂಡು, ಹೊಡೆದು ಬಿಡಿಸ್ತೀವಿ ಅನ್ನೋ ಖಾಸಗಿ ಕೇಂದ್ರಗಳು. ಅಂಥ ಒಂದು ಕಡೆ ನನ್ನನ್ನು ಇಪ್ಪತ್ತೆರಡು ದಿನ ಇಟ್ಟಿದ್ದರು. ಅಲ್ಲೂ ಸಂಜೆ "ಗ್ರೂಪ್ ಮೀಟಿಂಗ್" ಇರುತ್ತಿತ್ತು, ತಪ್ಪು ಒಪ್ಪಿಕೊಳ್ಳದವರಿಗೆ ಊಟ ತಡ. ಹೊರಗೆ ಬಂದ ದಿನವೇ ಕುಡಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರೋ ತೊಂದರೆಗಳೂ ಸೇರುತ್ತವೆ. ಅಂಥ ಜಾಗಕ್ಕೆ ಸೇರಿಸೋ ಮೊದಲು ನೋಂದಣಿ ಇದೆಯಾ, ಮನೋವೈದ್ಯರು ಬರುತ್ತಾರಾ, ಮನೆಯವರು ನೋಡೋಕೆ ಬಿಡುತ್ತಾರಾ ಅಂತ ಮನೆಯವರು ಬಾಯಿಬಿಟ್ಟು ಕೇಳಲೇಬೇಕು.

ಹೊರಡೋ ಮೊದಲು

ಎಎ ಇಂಡಿಯಾದ ವೆಬ್‌ಸೈಟ್‌ನಲ್ಲಿ ಮೀಟಿಂಗ್ ಪಟ್ಟಿ ಸಿಗುತ್ತದೆ. ಪಟ್ಟಿ ನಂಬಿ ನೇರ ಹೋಗಬೇಡಿ, ಜಾಗ, ಸಮಯ ಬದಲಾಗುತ್ತಿರುತ್ತವೆ. ಫೋನ್ ಮಾಡಿ ಕೇಳಿ: ಕನ್ನಡದ್ದಾ? ಓಪನ್ನಾ? ಒಳಗೆ ಹೋಗೋ ದಾರಿ ಯಾವ ಕಡೆ? ಬಾಗಿಲಲ್ಲಿ ಯಾರಾದರೂ ನಿಂತಿರುತ್ತೀರಾ? ಕೊನೆಯ ಪ್ರಶ್ನೆ ಕೇಳೋಕೆ ಮುಜುಗರ ಆಗುತ್ತದೆ, ಆದರೂ ಕೇಳಿ. ಆ ಕಡೆ ಫೋನ್ ಎತ್ತಿದವರೂ ಒಂದು ದಿನ ಅದೇ ಗೇಟಿನ ಹೊರಗೆ ಹತ್ತು ನಿಮಿಷ ನಿಂತು ವಾಪಸ್ ಹೋದವರೇ ಆಗಿರುತ್ತಾರೆ. ಹೊಟ್ಟೆಗೆ ಏನಾದರೂ ತಿಂದು ಹೋಗಿ. ಮಾತಾಡಲೇಬೇಕು ಅಂತಿಲ್ಲ, "ಇವತ್ತು ಬರೀ ಕೇಳ್ತೀನಿ" ಅಂದರೆ ಸಾಕು. ಊರಿನಲ್ಲಿ ಗುಂಪೇ ಇಲ್ಲದಿದ್ದರೆ, ಬಿಡಬೇಕು ಅನ್ನುವ ಇಬ್ಬರು ಮೂವರು ಸೇರಿ ಕೂತರೂ ಎಎ ಅದನ್ನು ಗುಂಪು ಅಂತಲೇ ಒಪ್ಪುತ್ತದೆ.

ಅಣ್ಣ ಮೊದಲು ಹೋದ ಮೀಟಿಂಗ್‌ನಲ್ಲಿ ಅವನ ಅಂಗಡಿಯ ಗಿರಾಕಿಯೊಬ್ಬರು ಕೂತಿದ್ದರಂತೆ. ಮುಖ ನೋಡಿದ್ದೇ ತಡ, ತಿರುಗಿ ಬಂದಿದ್ದಾನೆ. ಎರಡು ವಾರ ಎಲ್ಲೂ ಹೋಗಲಿಲ್ಲ, ಒಂದು ಸಲ ಕುಡಿದ. ಆಮೇಲೆ ಅತ್ತಿಗೆಯೇ ಇನ್ನೊಂದು ಗುಂಪಿಗೆ ಫೋನ್ ಮಾಡಿ, ಓಪನ್ ಮೀಟಿಂಗ್ ಅಂತ ಖಾತ್ರಿ ಮಾಡಿಕೊಂಡು, ಜೊತೆಗೆ ಹೋಗಿ ಕೂತು ಬಂದರು. ಆರು ಮುಕ್ಕಾಲರಿಂದ ಎಂಟು ಗಂಟೆ, ಅಣ್ಣ ಅಂಗಡಿ ಮುಚ್ಚೋ ಹೊತ್ತು. ಮೊನ್ನೆ ಫೋನ್ ಮಾಡಿದ್ದರು.

"ಹೋಗ್ತಿದಾನಾ ಅತ್ತಿಗೆ?"

"ಹೂಂ, ಐದು ವಾರ ಆಯ್ತು. ಅಲ್ಲಿ ಟೀಗೆ ಸಕ್ಕರೆ ಸುರೀತಾರೆ, ಕುಡಿಯೋಕಾಗಲ್ಲ ಅಂತ ಬೈಕೊಂಡು ಬರ್ತಾರೆ. ಈ ಗುರುವಾರ ಫ್ಲಾಸ್ಕು ನಮ್ಮನೇದಂತೆ."